ಮಧ್ಯದ ಮೆಟ್ಟಿಲು

ಕಬೈಗ್ವಾನ್ ಊರಿನ ಸಿಗಾರ್ ಕಾರ್ಖಾನೆಯಲ್ಲಿ, ಕೆಲಸಗಾರರಿಗೆ ಗಟ್ಟಿಯಾಗಿ ಓದಿ ಹೇಳುವ ಓದುಗನ ಕೆಲಸವನ್ನು ಆಡಳಿತದವರು ಕೊಡುವುದಿಲ್ಲ. ಎಲೆ ಸುತ್ತುವವರೇ ಕೂತು ಕೇಳಿ, ಕೈಯೆತ್ತಿ ಆರಿಸುತ್ತಾರೆ. ಬೆಳಗ್ಗೆ ಪತ್ರಿಕೆ, ಊಟವಾದ ಮೇಲೆ ಕಾದಂಬರಿ. ಕೈ ಅವರವರ ಕೆಲಸಕ್ಕೆ, ಕಿವಿ ಓದುಗನಿಗೆ. ಓದು ಹಿಡಿಸಿದರೆ ಎಲೆ ಕತ್ತರಿಸುವ ಬಾಗಿದ ಅಲಗನ್ನು, ಅದಕ್ಕೆ ಚವೇತ ಎನ್ನುತ್ತಾರೆ, ಮುಂದಿನ ಹಲಗೆಗೆ ಟಕಟಕ ಬಡಿಯುತ್ತಾರೆ. ಹಿಡಿಸದಿದ್ದರೆ ಅದೇ ಚವೇತ ನೆಲಕ್ಕೆ ಬೀಳುತ್ತದೆ. ಹಾಗೆ ಬಿದ್ದ ದಿನ ಎಂಥ ದಪ್ಪ ಚರ್ಮದ ಓದುಗನಿಗೂ ರಾತ್ರಿ ಊಟ ಸೇರುವುದಿಲ್ಲ.

ಅನ್ಸೆಲ್ಮೊ ಓದುಗನ ಎತ್ತರದ ಪೀಠ ಹತ್ತಿದಾಗ ಅವನ ತಲೆ ತುಂಬ ಕಪ್ಪು ಕೂದಲಿತ್ತು. ಮೊದಲ ತಿಂಗಳಲ್ಲೇ ಕಾದಂಬರಿಯೊಂದರ ಉದ್ದನೆಯ ವರ್ಣನೆ ಬೇಸರವೆನಿಸಿ ಒಂದು ಪುಟ ಹಾರಿಸಿದ್ದ. ಎರಡನೆಯ ಸಾಲಿನ ಮಿಗ್ದಾಲಿಯಾ, ಆಗಿನ್ನೂ ಹೊಸದಾಗಿ ಸೇರಿದ ಹುಡುಗಿ, ಕೂಡಲೇ ಚವೇತ ಬೀಳಿಸಿದಳು. ಅವಳು ಆ ಪುಸ್ತಕ ಓದಿರಲಿಲ್ಲ. ಆದರೂ ನಡುವೆ ಏನೋ ಕಳೆದುಹೋಗಿದೆಯೆಂದು ಅವಳ ಕಿವಿಗೆ ಗೊತ್ತಾಗಿತ್ತು. ಅಂದಿನಿಂದ ಅನ್ಸೆಲ್ಮೊ ಒಂದು ಸಾಲನ್ನೂ ಹಾರಿಸಿದವನಲ್ಲ. ಗೊಬ್ಬರ ವಿತರಣೆಯ ವರದಿಯನ್ನೂ ಬಿಡದೆ ಓದಿ, ಎಲ್ಲರಿಂದ ಬೈಸಿಕೊಂಡು, ಮರುದಿನ ಮತ್ತೆ ಓದುತ್ತಿದ್ದ.

ಕೂದಲು ಹೋಯಿತು, ಆಮೇಲೆ ಕಣ್ಣೂ ಹೋಯಿತು. ಕಣ್ಣಿನೊಳಗಿನ ಒತ್ತಡ ಏರಿ, ನೋಟ ಅಂಚಿನಿಂದ ಸವೆಯುತ್ತ ಬಂದು, ಕೊನೆಗೆ ಚಿಟಿಕೆ ಬೆಳಕೂ ಉಳಿಯಲಿಲ್ಲ. ಆಗ ಅವನು ಅರ್ಧ ವರ್ಷ ಮನೆಯಲ್ಲಿ ಕೂತಿದ್ದ. ಜೀವನವಿಡೀ ಊರಿಗೆ ಓದಿ ಹೇಳಿದವನಿಗೆ ಒಂದು ಸಾಲು ಓದಿ ಹೇಳುವವರು ಯಾರೂ ಬರಲಿಲ್ಲ. ಬಂದವರು ಕಾಫಿ ತಂದರು, ಬಾಳೆಕಾಯಿ ತಂದರು, ಅಯ್ಯೋ ಪಾಪ ಅಂದರು. ಓದಿ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ, ಕೇಳಿಕೊಳ್ಳಲು ಅವನಿಗೆ ನಾಚಿಕೆ. 

ಅವನನ್ನು ಮತ್ತೆ ಪೀಠ ಹತ್ತಿಸಿದ್ದು ಒಂದು ಹಳೆಯ ಕಂಪ್ಯೂಟರ್. ಕಣ್ಣಿಲ್ಲದವರ ಸಂಘದವರು ಕೊಟ್ಟಿದ್ದರು. ಒಳಗೆ ಲಿನಕ್ಸ್ ಎಂಬ ಪುಕ್ಕಟೆ ಕಾರ್ಯವ್ಯವಸ್ಥೆ ಇತ್ತು, ಏಕೆಂದರೆ ಅದಕ್ಕೆ ಯಾರ ಅಪ್ಪಣೆಯೂ ಬೇಡ, ಪರದೆಯ ಮೇಲಿದ್ದುದನ್ನೆಲ್ಲ ಅದು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಅನ್ಸೆಲ್ಮೊ ಎಡಗಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತಿದ್ದ. ಯಂತ್ರ ಅರ್ಧ ಸಾಲು ಮುಂದೆ, ಅವನು ಅರ್ಧ ಸಾಲು ಹಿಂದೆ. ಮೊದಲ ವಾರ ನಾಲಿಗೆ ತೊಡರಿತು. ಆಮೇಲೆ ಎಷ್ಟು ಹದಕ್ಕೆ ಬಂತೆಂದರೆ, ಹೊಸಬರು ಯಾರಾದರೂ ಬಂದರೆ ಈ ಮನುಷ್ಯನಿಗೆ ಕಣ್ಣಿಲ್ಲವೆಂದು ಹೇಳಿದರೂ ನಂಬುತ್ತಿರಲಿಲ್ಲ.

ಯಂತ್ರದ ದನಿ ಸ್ಪೇನಿನವರ ಉಚ್ಚಾರದ್ದು. ಸ್ಪೇನಿನಿಂದ ಬಂದವರೆಲ್ಲ ಇಲ್ಲಿ ಗಾಯೆಗೊಗಳೇ, ಹಾಗಾಗಿ ಅದಕ್ಕೂ ಗಾಯೆಗೊ ಎಂದೇ ಹೆಸರಾಯಿತು. ಗಾಯೆಗೊನಿಗೆ ಈ ಊರಿನ ಹೆಸರುಗಳು ಬಾಯಿಗೆ ಬರುತ್ತಿರಲಿಲ್ಲ. ಅವನದೂ ತಪ್ಪಲ್ಲ, ಯುಸ್ನೆಯ್ದಿಸ್, ಯಾಕ್ಸಿಮಾರ ಎಂದು ತಾಯಂದಿರು ತಮ್ಮ ಮನಸ್ಸಿಗೆ ಬಂದ ಅಕ್ಷರ ಜೋಡಿಸಿ ಹೆಸರಿಟ್ಟರೆ ಯಾವ ಯಂತ್ರ ತಾನೇ ಏನು ಮಾಡೀತು. ಅನ್ಸೆಲ್ಮೊ ಬಿಡುವಿದ್ದಾಗಲೆಲ್ಲ ಕೂತು ಒಂದೊಂದೇ ಹೆಸರನ್ನು ಹೇಗೆ ಉಚ್ಚರಿಸಬೇಕೆಂದು ಅದಕ್ಕೆ ಕಲಿಸಿದ. ಬೇಸ್‌ಬಾಲ್ ಆಟಗಾರರ ಹೆಸರು, ಹಳ್ಳಿಗಳ ಹೆಸರು, ಸಾಲಿನಲ್ಲಿ ಕೂತವರ ಅಡ್ಡಹೆಸರು. ವರ್ಷಗಟ್ಟಲೆ ಹೀಗೆ ಕಲಿತು ಗಾಯೆಗೊ ಸುಮಾರಾಗಿ ಈ ಊರಿನವನೇ ಆಗಿದ್ದ.

ಅಂಥ ಗಾಯೆಗೊ ಆ ವರ್ಷ ಕೈಕೊಡತೊಡಗಿದ. ಪತ್ರಿಕೆಗಳ ಪುಟ ತೆರೆಯಹೋದರೆ ಸಂಪರ್ಕ ಸುರಕ್ಷಿತವಲ್ಲ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದ. ಒಂದು ಶುಕ್ರವಾರ ಆಡಳಿತಗಾರ್ತಿ ಎಲ್ವಿರಾ ಪೀಠದ ಬಳಿ ಬಂದು, ಪ್ರಾಂತ್ಯದ ಕಚೇರಿಯಿಂದ ಅಪ್ಪಣೆ ಬಂದಿದೆಯೆಂದಳು. ಈ ಯಂತ್ರದ ಲಿನಕ್ಸ್ ಆವೃತ್ತಿಗೆ ಬೆಂಬಲ ನಿಂತು ಬಹಳ ಕಾಲವಾಗಿದೆ, ಯಾರೂ ಅದರ ಸುರಕ್ಷತೆಯ ತೂತು ಮುಚ್ಚುತ್ತಿಲ್ಲ. ಬರುವ ವಾರ ಕಳೆದ ಮೇಲಿನ ಸೋಮವಾರ ಕಂಪ್ಯೂಟರ್ ಜಾಲ ನೋಡಿಕೊಳ್ಳುವವರು ಬಂದು ಪರೀಕ್ಷಿಸುತ್ತಾರೆ, ಆಗಲೂ ಹಳೆಯದೇ ಇದ್ದರೆ ಯಂತ್ರವನ್ನು ಕಾರ್ಖಾನೆಯ ಜಾಲದಿಂದ ತೆಗೆದುಹಾಕುತ್ತಾರೆ. ಎಲ್ವಿರಾ ಕೆಟ್ಟವಳಲ್ಲ. ಎಲ್ಲವೂ ಅಚ್ಚುಕಟ್ಟಾಗಿರಬೇಕು ಎನ್ನುವ ಒಂದೇ ಕಾಯಿಲೆ ಅವಳಿಗೆ.

"ಆಗದಿದ್ರೆ ತಲೆ ಕೆಡಿಸ್ಕೋಬೇಡಿ ಅನ್ಸೆಲ್ಮೊ. ಬೆಳಗ್ಗೆ ಹೊತ್ತು ಸ್ಪೀಕರಲ್ಲಿ ರೇಡಿಯೊ ಹಾಕಿದ್ರಾಯ್ತು. ನೀವೂ ಎಷ್ಟು ವರ್ಷ ಅಂತ ಓದ್ತೀರಿ, ಮನೇಲಿ ಆರಾಮಾಗಿರಿ," ಎಂದಳು.

ಮನೆಯಲ್ಲಿ ಆರಾಮ ಎಂದರೇನೆಂದು ಅನ್ಸೆಲ್ಮೊಗೆ ಗೊತ್ತಿತ್ತು. ಬೆಳಗ್ಗೆ ರೇಡಿಯೊ ಬಂದರೆ ಮಧ್ಯಾಹ್ನವೂ ಬರುತ್ತದೆ, ಪೀಠದ ಮೇಲೆ ಖಾಲಿ ಪೆಟ್ಟಿಗೆ ಪೇರಿಸುತ್ತಾರೆ. ಅವನು ಇಯರ್‌ಫೋನಿನ ತಂತಿ ಸುತ್ತಿಕೊಂಡು, ಯಂತ್ರವನ್ನೂ ಎತ್ತಿಸಿಕೊಂಡು ಒರೆಸ್ತೆಸ್‌ನ ಮನೆಗೆ ಹೋದ.

ಒರೆಸ್ತೆಸ್ ವಾರಕ್ಕೊಮ್ಮೆ ಡಿಸ್ಕಿನಲ್ಲಿ ಸಿನೆಮಾ, ಧಾರಾವಾಹಿ ತುಂಬಿಕೊಂಡು ಮನೆಮನೆಗೆ ಹಂಚುವವನು. ಇಂಟರ್ನೆಟ್ಟಿನಲ್ಲಿ ತರಿಸಿದರೆ ಒಂದು ಸಿನೆಮಾಕ್ಕೆ ಒಂದು ಆಯುಷ್ಯ ಹಿಡಿಯುವ ಊರಿನಲ್ಲಿ ಅವನಿಗೆ ಪಾದ್ರಿಗಿಂತ ಹೆಚ್ಚು ಮರ್ಯಾದೆ. ಅದರ ಜೊತೆಗೆ ಅವನಿಗೊಂದು ಹುಚ್ಚು: ಲಿನಕ್ಸಿನ ಒಂದೊಂದು ಆವೃತ್ತಿಯನ್ನೂ ಅದರ ಎಲ್ಲ ಸಾಮಾನು ಸಮೇತ ಪ್ರತಿ ಮಾಡಿ ಇಟ್ಟುಕೊಳ್ಳುವುದು. ಬೇಕಾದವರು ಅವನ ಮನೆಗೇ ಹೋಗಿ ತುಂಬಿಸಿಕೊಂಡು ಬರಬೇಕು.

ಅವನು ಯಂತ್ರವನ್ನು ತಡಕಾಡಿ ನೋಡಿ, ಇದು ಒಂದೇ ನೆಗೆತಕ್ಕೆ ಆಗುವ ಕೆಲಸವಲ್ಲ ಎಂದ. ನಿಮ್ಮದು ಕೆಳಗಿನ ಮೆಟ್ಟಿಲಲ್ಲಿದೆ, ಬೇಕಾಗಿರುವುದು ಮೇಲಿನ ಮೆಟ್ಟಿಲು, ನಡುವಿನದಕ್ಕೆ ಕಾಲಿಡದೆ ಹಾರಿದರೆ ಮುಗ್ಗರಿಸಿ ಬೀಳುತ್ತದೆ. ಇಲ್ಲವೇ ಎಲ್ಲ ಅಳಿಸಿ ಹೊಸದಾಗಿ ಹಾಕಿಬಿಡಬಹುದು, ಅದು ಸುಲಭ. ಅಳಿಸಿದರೆ ಗಾಯೆಗೊ ಕಲಿತ ಹೆಸರುಗಳು ಏನಾಗುತ್ತವೆ ಎಂದು ಅನ್ಸೆಲ್ಮೊ ಕೇಳಿದ. ಅವು ಎಲ್ಲೆಲ್ಲಿ ಕೂತಿವೆಯೋ, ಎಲ್ಲ ಹುಡುಕಿ ಎತ್ತಿಡಬಲ್ಲೆನೆಂದು ಮಾತು ಕೊಡಲಾರೆ ಎಂದ ಒರೆಸ್ತೆಸ್.

"ಹಾಗಾದ್ರೆ ಮೆಟ್ಲು ಹತ್ತಿಸು. ನಡುವಿನದನ್ನ ಹಾಕು."

ಒರೆಸ್ತೆಸ್ ತಲೆ ಕೆರೆದುಕೊಂಡ ಸದ್ದು ಅನ್ಸೆಲ್ಮೊಗೆ ಕೇಳಿಸಿತು. "ನಡುವಿನದು ಇಲ್ಲ ಮೇಷ್ಟ್ರೇ. ಅಳಿಸ್ಬಿಟ್ಟೆ."

"ಯಾಕೋ?"

"ಯಾಕಂದ್ರೆ? ಆ ಟರ್ಕಿ ಧಾರಾವಾಹಿ ಇಡೀ ಬೇಕು ಅಂತ ನಿಮ್ಮ ಕಾರ್ಖಾನೆಯವರೇ ತಾನೆ ಬಂದು ನನ್ನ ಪ್ರಾಣ ತಿಂದಿದ್ದು? ಜಾಗ ಎಲ್ಲಿಂದ ತರ್ಲಿ? ಕೆಳಗಿಂದು ಜನ ಇನ್ನೂ ಬಳಸ್ತಾರೆ, ಮೇಲಿಂದು ಎಲ್ಲಾರಿಗೂ ಬೇಕು, ನಡುವಿಂದು ಯಾರಿಗೆ ಬೇಕು ಅಂತ ತೆಗೆದೆ. ಮಿಗ್ದಾಲಿಯಕ್ಕನೇ ಎಲ್ಲರಿಗಿಂತ ಜೋರಾಗಿ ಕೇಳಿದ್ದು."

ಆ ಧಾರಾವಾಹಿಯನ್ನು ಅನ್ಸೆಲ್ಮೊ ಕೂಡ ಪಕ್ಕದ ಮನೆಯ ಕಿಟಕಿಯಿಂದ ಒಂದು ಕಂತು ಬಿಡದೆ ಕೇಳಿಸಿಕೊಂಡಿದ್ದ. ನಾಯಕಿ ಕುರುಡಿಯಾಗಿ ಮತ್ತೆ ಕಣ್ಣು ಪಡೆದಾಗ ಅತ್ತಿದ್ದೂ ಉಂಟು. 

ಒರೆಸ್ತೆಸ್‌ನಂಥ ಹುಚ್ಚ ಇನ್ನೊಬ್ಬ ಪ್ಲಾಸೆತಾಸ್ ಎಂಬ ಊರಿನಲ್ಲಿದ್ದ. ಅವನ ಬಳಿ ನಡುವಿನ ಆವೃತ್ತಿ ಇದೆಯೆಂದು ತಿಳಿಯಿತು. ಡಿಸ್ಕ್ ಒಂದು ಕೈಯಿಂದ ಇನ್ನೊಂದು ಕೈಗೆ ಬರಬೇಕಿತ್ತು. ಪೆಟ್ರೋಲಿಲ್ಲದೆ ಬಸ್ಸು ಎರಡು ದಿನ ಹೊರಡಲಿಲ್ಲ, ಆಮೇಲೆ ಹೊರಟ ಲಾರಿಯ ಚಾಲಕ ಅದನ್ನು ಮರಗೆಣಸಿನ ಚೀಲದಲ್ಲಿ ಹುದುಗಿಸಿ ತಂದ. ಶನಿವಾರ ಸಂಜೆ ಒರೆಸ್ತೆಸ್ ಅದರ ಮಣ್ಣು ಒರೆಸುತ್ತ ಅನ್ಸೆಲ್ಮೊನ ಮನೆಗೆ ಓಡಿಬಂದ. ಸೋಮವಾರಕ್ಕೆ ಉಳಿದದ್ದು ಒಂದೇ ಭಾನುವಾರ.

ಈಗ ವಿದ್ಯುತ್ತಿನ ಚಿಂತೆ. ಮೆಟ್ಟಿಲು ಹತ್ತುತ್ತಿರುವಾಗ ನಡುವೆ ಕರೆಂಟ್ ಹೋದರೆ ಯಂತ್ರ ಅಲ್ಲೂ ಇಲ್ಲ ಇಲ್ಲೂ ಇಲ್ಲ ಎಂಬಂತಾಗುತ್ತದೆ. ಊರಿನಲ್ಲಿ ಕರೆಂಟ್ ಬರುವುದೇ ಸುದ್ದಿ, ಹೋಗುವುದಲ್ಲ. ಕತ್ತರಿಸದೆ ಬಿಡುವುದು ಆಸ್ಪತ್ರೆಯ ಲೈನನ್ನು ಮಾತ್ರ. ಅದೇ ಲೈನಿಗೆ ಆಸ್ಪತ್ರೆಯ ಹಿಂದಿನ ಬೀದಿಯ ನಾಲ್ಕಾರು ಮನೆಗಳೂ ಅಂಟಿಕೊಂಡಿವೆ, ಅದರಲ್ಲಿ ಒಂದು ಮಿಗ್ದಾಲಿಯಾಳದು. ಅವಳ ಫ್ರಿಜ್ಜಿನಲ್ಲಿ ಅರ್ಧ ಬಡಾವಣೆಯ ಕೋಳಿಮಾಂಸ, ಗೋಡೆಯ ಪ್ಲಗ್ಗುಗಳಲ್ಲಿ ಯಾರ್ಯಾರದೋ ಚಾರ್ಜಿಂಗ್ ಫ್ಯಾನು. ಯಂತ್ರವನ್ನು ಸೈಕಲ್ ಟ್ಯಾಕ್ಸಿಯಲ್ಲಿಟ್ಟು ಅನ್ಸೆಲ್ಮೊ ಭಾನುವಾರ ಬೆಳಗ್ಗೆ ಒರೆಸ್ತೆಸ್‌ನ ಜೊತೆ ಅವಳ ಬಾಗಿಲಿಗೆ ಹೋದ.

"ಬಾ ಬಾ. ಕೋಳಿ ಆಯ್ತು, ಫ್ಯಾನ್ ಆಯ್ತು, ಈಗ ಗಾಯೆಗೊನ ಬಾಣಂತನಾನೂ ನನ್ನ ಮನೇಲೇ," ಎಂದು ಮಿಗ್ದಾಲಿಯಾ ಮೇಜಿನ ಮೇಲಿದ್ದ ಅನ್ನದ ಕುಕ್ಕರನ್ನು ಸರಿಸಿದಳು. ನಡುವಿನ ಮೆಟ್ಟಿಲು ಅಳಿಸಿಹೋದದ್ದು ಯಾರ ದೆಸೆಯಿಂದ ಎಂದು ಒರೆಸ್ತೆಸ್ ಹೇಳಿದಾಗ ಮಾತ್ರ ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದಳು.

ಮೊದಲ ಮೆಟ್ಟಿಲು ಸರಾಗವಾಗಿ ದಾಟಿತು. ಗಾಯೆಗೊ ತನ್ನ ಮೇಲೆ ನಡೆಯುತ್ತಿದ್ದ ಚಿಕಿತ್ಸೆಯನ್ನು ತಾನೇ ಓದಿ ಹೇಳುತ್ತಿದ್ದ: ಇದನ್ನು ತೆಗೆಯುತ್ತಿದ್ದೇನೆ, ಅದನ್ನು ಹಾಕುತ್ತಿದ್ದೇನೆ. ಮಧ್ಯಾಹ್ನಕ್ಕೆ ಎರಡನೆಯದು ಶುರುವಾಯಿತು. ಅಷ್ಟರಲ್ಲಿ ಅಡುಗೆ ಅನಿಲದ ಸರದಿಯಲ್ಲಿ ಒರೆಸ್ತೆಸ್‌ನ ಪಾಳಿ ಬಂದಿದೆಯೆಂದು ಯಾರೋ ಕೂಗಿ ಹೇಳಿದರು. ವಾರಗಟ್ಟಲೆ ಕಾದ ಸಿಲಿಂಡರನ್ನು ಬಿಡು ಎನ್ನುವ ಎದೆ ಯಾರಿಗೂ ಇರಲಿಲ್ಲ. ಇನ್ನೇನೂ ಕಷ್ಟವಿಲ್ಲ, ಅದು ಏನು ಕೇಳಿದರೂ ಹೂಂ ಎನ್ನುವ ಕೀಲಿ ಒತ್ತಿಬಿಡಿ ಎಂದು ಅನ್ಸೆಲ್ಮೊನ ಬೆರಳನ್ನು ಆ ಕೀಲಿಯ ಮೇಲಿಟ್ಟು ತೋರಿಸಿ ಒರೆಸ್ತೆಸ್ ಸೈಕಲ್ ಹತ್ತಿದ.

ಅವನು ಹೋದ ಸ್ವಲ್ಪ ಹೊತ್ತಿಗೆ ಗಾಯೆಗೊ ಒಂದು ಪದದ ನಡುವೆಯೇ ನಿಂತುಬಿಟ್ಟ.

ಅನ್ಸೆಲ್ಮೊ ಕಾದ. ಇಯರ್‌ಫೋನ್ ಕಿತ್ತು ಮತ್ತೆ ಸಿಕ್ಕಿಸಿದ. ಯಂತ್ರದ ಫ್ಯಾನು ತಿರುಗುತ್ತಿತ್ತು, ದನಿ ಮಾತ್ರ ಇರಲಿಲ್ಲ.  ಅರ್ಧ ವರ್ಷ ಮನೆಯಲ್ಲಿ ಕೂತಿದ್ದಾಗಿನ ಮೌನ ಅದೇ ತೂಕದೊಂದಿಗೆ ಬಂದು ಹೆಗಲ ಮೇಲೆ ಕೂತಿತು. ಅವನಿಗೆ ಭಯವಾಯಿತು, ಮಗುವಿಗಾಗುವಂಥ ಭಯ.

"ಮಿಗ್ದಾಲಿಯಾ, ಪರದೆ ಮೇಲೆ ಏನಿದೆ ನೋಡು."

ಅವಳು ಕೈ ಒರೆಸಿಕೊಂಡು ಬಂದಳು. "ಏನೋ ಉದ್ದಕ್ಕೆ ಬರ್ದಿದೆ. ಕೊನೇಲಿ ಹೂಂನೋ ಉಹುಂನೋ ಅಂತ ಕೇಳ್ತಿದೆ. ಆ ಹುಡುಗ ಹೂಂ ಅನ್ನು ಅಂದಿದಾನಲ್ಲ, ಒತ್ತು ಮತ್ತೆ."

ಬೆರಳು ಕೀಲಿಯ ಮೇಲೆಯೇ ಇತ್ತು. ಒತ್ತಲು ಮನಸ್ಸಾಗಲಿಲ್ಲ. "ಓದಿ ಹೇಳು," ಎಂದ.

"ನಂಗೆ ಅರ್ಥ ಆಗಲ್ಲ ಕಣಯ್ಯ, ಇದೆಲ್ಲ ನಿಮ್ಮ ಭಾಷೆ."

"ಅರ್ಥ ಆಗ್ಬೇಕಾಗಿಲ್ಲ. ಮೇಲಿಂದ ಓದು. ಒಂದು ಸಾಲೂ ಹಾರಿಸ್ಬೇಡ. ಅವತ್ತು ಒಂದು ಪುಟ ಹಾರಿಸಿದ್ದಕ್ಕೆ ಚವೇತ ಬೀಳ್ಸಿದ್ಯಲ್ಲ, ನೆನಪಿದ್ಯಾ?"

"ಇಷ್ಟು ವರ್ಷ ಅದನ್ನ ಹೊಟ್ಟೇಲಿ ಇಟ್ಕೊಂಡಿದ್ಯಾ ಮಾರಾಯ," ಎಂದವಳು ಕುರ್ಚಿ ಎಳೆದುಕೊಂಡಳು.

ಅವಳು ಓದತೊಡಗಿದಳು.  ತಡವರಿಸಿದಲ್ಲಿ ಸಾಲಿನ ಮೊದಲಿಗೆ ಹಿಂದಿರುಗಿ ಮತ್ತೆ ಓದಿದಳು. ಇಂಥ ಪೊಟ್ಟಣ ಬಿಚ್ಚಲಾಗುತ್ತಿದೆ, ಇಂಥದ್ದು ಜೋಡಿಸಲಾಗುತ್ತಿದೆ ಎಂಬ ಒಣ ಸಾಲುಗಳನ್ನು, ಜಪಮಣಿ ಹಿಡಿದು ಕೂತವಳಂತೆ ಒಂದೇ ಏರಿಳಿತದಲ್ಲಿ ಓದಿದಳು. ಅನ್ಸೆಲ್ಮೊ ಕಿವಿಗೊಟ್ಟ. ಹೊರಗೆ ಕೋಳಿ ಕೂಗುತ್ತಿತ್ತು, ಅವಳ ಉಸಿರಿನಲ್ಲಿ ಕಾಫಿಯ ವಾಸನೆಯಿತ್ತು. ಕಣ್ಣು ಹೋದ ಮೇಲೆ ಮನುಷ್ಯರೊಬ್ಬರು ತನಗಾಗಿ ಓದುತ್ತಿರುವುದು ಇದೇ ಮೊದಲು ಎಂದು ಅವನಿಗೆ ಅರಿವಾದಾಗ, ಅವನು ಏನನ್ನು ಕೇಳಲು ಕೂತಿದ್ದನೋ ಅದು ಒಂದು ಕ್ಷಣ ಮರೆತೇಹೋಯಿತು.

"ಈ ಕಡತವನ್ನು ನೀವೋ ಬೇರೆ ಯಾರೋ ತಿದ್ದಿದ್ದೀರಿ," ಎಂದು ಅವಳು ಓದುತ್ತಿದ್ದಳು. "ಹೊಸ ಆವೃತ್ತಿಯಲ್ಲಿ ಇದೇ ಹೆಸರಿನ ಬೇರೆ ಕಡತ ಬಂದಿದೆ. ಹಳೆಯದನ್ನು ತೆಗೆದು ಹೊಸದನ್ನು ಹಾಕಲೇ?"

"ನಿಲ್ಲು. ಯಾವ ಕಡತ? ಹೆಸರು ಇರುತ್ತೆ ನೋಡು."

"ಇಂಗ್ಲೀಷಲ್ಲಿದೆ."

"ಒಂದೊಂದೇ ಅಕ್ಷರ ಹೇಳು."

ಅವಳು ಒಂದೊಂದೇ ಅಕ್ಷರ ಹೇಳುತ್ತ ಹೋದಳು. ಅರ್ಧಕ್ಕೆ ಬರುವಷ್ಟರಲ್ಲಿ ಅನ್ಸೆಲ್ಮೊಗೆ ಗುರುತು ಹತ್ತಿತು. ಆ ದಾರಿಯಲ್ಲಿ ಅವನ ಬೆರಳು ಎಷ್ಟೋ ಸಲ ಓಡಾಡಿತ್ತು. ಗಾಯೆಗೊಗೆ ಕಲಿಸಿದ ಹೆಸರುಗಳೆಲ್ಲ ಕೂತಿದ್ದ ಕಡತ ಅದೇ. ಹೂಂ ಎಂದಿದ್ದರೆ ಯುಸ್ನೆಯ್ದಿಸ್, ಯಾಕ್ಸಿಮಾರ, ಆಟಗಾರರು, ಅಡ್ಡಹೆಸರಿನವರು, ಎಲ್ಲರೂ ಒಂದು ಬೆರಳಿನ ಒತ್ತಿಗೆ ಹೋಗಿಬಿಡುತ್ತಿದ್ದರು.

"ಉಹುಂ ಅನ್ನೋ ಕೀಲಿ ಎಲ್ಲಿದೆ ಅಂತ ಬೆರಳು ಹಿಡ್ದು ತೋರ್ಸು," ಎಂದ. 

ಅವಳು ಅವನ ಬೆರಳು ಹಿಡಿದು ಅಲ್ಲಿಗೆ ಒಯ್ದಳು. ಅವನು ಒತ್ತಿದ. ಯಂತ್ರ ಮುಂದಕ್ಕೆ ಹೊರಟಿತೆಂದು ಅವಳು ಓದಿ ಹೇಳಿದಳು. ಅಲ್ಲಿಂದ ಮುಂದೆ ಅವನು ಕೇಳದಿದ್ದರೂ ಅವಳು ಓದುತ್ತಲೇ ಇದ್ದಳು. ಕುಕ್ಕರಿನ ಕಡೆ ಎದ್ದುಹೋದವಳು ಬಂದ ಮೇಲೆ, ನಡುವೆ ಸರಿದುಹೋದ ಸಾಲುಗಳನ್ನು ಹಿಂದಕ್ಕೆ ಸರಿಸಲು ಹೇಳಿ ಅವನ್ನೂ ಓದಿದಳು.

ಎಲ್ಲ ಮುಗಿದು ಯಂತ್ರ ಆರಿ ಮತ್ತೆ ಹೊತ್ತಿಕೊಂಡಿತು. ಮೊದಲು ಏನೂ ಕೇಳಿಸಲಿಲ್ಲ. ಮಿಗ್ದಾಲಿಯಾ ತನ್ನ ಕತ್ತಿನ ಶಿಲುಬೆ ಹಿಡಿದುಕೊಂಡಳು. ಆಮೇಲೆ ಇಯರ್‌ಫೋನಿನಲ್ಲಿ ಒಂದು ಗೊರಗೊರ, ಅದರ ಹಿಂದೆಯೇ ಪರದೆ ಓದುವುದು ಶುರುವಾಗಿದೆ ಎಂಬ ಘೋಷಣೆ. ದನಿ ಕೊಂಚ ಮೆತ್ತಗಾಗಿತ್ತು, ಆದರೆ ಅವನೇ. ಅನ್ಸೆಲ್ಮೊ ತಡಕಾಡುತ್ತ ಯುಸ್ನೆಯ್ದಿಸ್ ಎಂದು ಟೈಪಿಸಿದ. ಆ ಹುಡುಗಿಯ ತಾಯಿ ಕರೆಯುವಂತೆಯೇ ಗಾಯೆಗೊ ಹೆಸರು ಹೇಳಿದ. ಅನ್ಸೆಲ್ಮೊ ಮೇಜಿನ ಮೇಲೆ ತಲೆಯಿಟ್ಟು ನಕ್ಕ, ನಗುತ್ತ ನಗುತ್ತಲೇ ಕಣ್ಣು ಒದ್ದೆಯಾಯಿತು. ಮಿಗ್ದಾಲಿಯಾ ಅವನಿಗೆ ಬಿಸಿ ಅನ್ನ, ಕಪ್ಪು ಬೀನ್ಸ್ ಕಾಳು ಬಡಿಸಿದಳು. ನೆರೆಯವರ ಕೋಳಿಯೊಂದರಲ್ಲಿ ತೊಡೆ ಕಾಣೆಯಾದದ್ದನ್ನು ಯಾರೂ ಕೇಳಲಿಲ್ಲ.

ಸೋಮವಾರ ಬೆಳಗ್ಗೆ ಜಾಲದವನು ಬಂದ. ಬಂದದ್ದು ಸರಿಯಾಗಿ ಓದಿನ ಹೊತ್ತಿಗೆ. ಪರೀಕ್ಷೆ ಮಾಡಬೇಕೆಂದು ಯಂತ್ರವನ್ನು ತಬ್ಬಿ ಹಿಡಿದು ಕಚೇರಿಗೆ ಒಯ್ದುಬಿಟ್ಟ. ದೊಡ್ಡ ಕೋಣೆಯಲ್ಲಿ ಎಲ್ಲರೂ ಎಲೆ ನೆನೆಸಿಕೊಂಡು, ಹಲಗೆ ಒರೆಸಿಕೊಂಡು ಕೂತಿದ್ದರು. ಪೀಠ ಖಾಲಿ. ಎಲ್ವಿರಾ ಗೋಡೆಯ ಬಳಿ ನಡೆದು, ಇವತ್ತೊಂದು ದಿನ ರೇಡಿಯೊ ಹಾಕೋಣ ಎಂದು ಸ್ಪೀಕರಿನ ಗುಂಡಿಗೆ ಕೈಯಿಟ್ಟಳು.

ಒಂದು ದಿನ ಎಂದು ಬಂದದ್ದು ಹಿಂದಿರುಗಿ ಹೋಗುವುದಿಲ್ಲವೆಂದು ಅನ್ಸೆಲ್ಮೊ ಬಲ್ಲ. "ಬೇಡ ಎಲ್ವಿರಾ," ಎಂದ. "ಓದೋರಿದ್ದಾರೆ. ಎರಡನೇ ಸಾಲಲ್ಲಿ."

ಮಿಗ್ದಾಲಿಯಾಳ ಕೈಯಿಂದ ಎಲೆ ಜಾರಿತು. ತನಗೆ ತಲೆ ಕೆಟ್ಟಿಲ್ಲವೆಂದಳು, ಕನ್ನಡಕ ತಂದಿಲ್ಲವೆಂದಳು, ಅದು ಹಣೆಯ ಮೇಲೇ ಇತ್ತು. ಕೊನೆಯ ಸಾಲಿನಿಂದ ಯಾರೋ, ಅವಳು ಓದಿದರೆ ನಡುವೆ ಉಸಿರಾಡಲು ನೆನಪಿಸಬೇಕು ಎಂದರು. ಆದರೆ ಆರಿಸುವುದು ಎಲೆ ಸುತ್ತುವವರ ಹಕ್ಕು. ಕೈಯೆತ್ತಿ ಎಂದ ಅನ್ಸೆಲ್ಮೊ. ಎಷ್ಟು ಕೈ ಎದ್ದವೆಂದು ಅವನಿಗೆ ಕಾಣಲಿಲ್ಲ, ಎಲ್ವಿರಾ ಸ್ಪೀಕರಿನಿಂದ ಕೈ ತೆಗೆದು ನಿಟ್ಟುಸಿರು ಬಿಟ್ಟದ್ದು ಮಾತ್ರ ಕೇಳಿಸಿತು.

ಮಿಗ್ದಾಲಿಯಾ ಶನಿವಾರದ ಪತ್ರಿಕೆ ಹಿಡಿದು ಪೀಠ ಹತ್ತಿದಳು. ಅನ್ಸೆಲ್ಮೊ ಸಾಲುಗಳ ನಡುವೆ ಕೈಯಾಡಿಸುತ್ತ ಬಂದು ಅವಳ ಕುರ್ಚಿಯಲ್ಲಿ ಕೂತ. ಇಷ್ಟು ವರ್ಷ ಮೇಲಿನಿಂದ ಕಂಡ, ಆಮೇಲೆ ಬರೀ ಕೇಳಿದ ಜಾಗ. ಹಲಗೆಯ ಮೇಲೆ ಕೈಯಾಡಿಸಿದಾಗ ಚವೇತ ಸಿಕ್ಕಿತು, ಅವಳ ಅಂಗೈಯ ಬಿಸಿ ಅದರಲ್ಲಿನ್ನೂ ಆರಿರಲಿಲ್ಲ.

ಅವಳು ಓದಿದ್ದು ಪ್ರಾಂತ್ಯದ ತಂಡ ಸೋತ ಆಟದ ವರದಿ. ಸೋತದ್ದು ಎಲ್ಲರಿಗೂ ಗೊತ್ತಿತ್ತು, ಹೇಗೆ ಸೋತರೆಂದೂ ಗೊತ್ತಿತ್ತು. ಆದರೂ ಕೋಣೆ ಮೆಲ್ಲಗೆ ತಣ್ಣಗಾಯಿತು. ಅವಳು ತಡವರಿಸಿದಲ್ಲಿ ಸಾಲಿನ ಮೊದಲಿಗೆ ಹೋಗುತ್ತಿದ್ದಳು. ಒಂದು ಸಾಲನ್ನೂ ಹಾರಿಸಲಿಲ್ಲ, ಕೆಳಗೆ ಸಣ್ಣಕ್ಷರದಲ್ಲಿದ್ದ ಅಂಕಿಅಂಶವನ್ನೂ ಬಿಡಲಿಲ್ಲ. ಅನ್ಸೆಲ್ಮೊ ಕಣ್ಣು ಮುಚ್ಚಿ ಕೇಳಿದ. ಮುಚ್ಚುವ ಅಗತ್ಯವಿರಲಿಲ್ಲ, ಸುಖಕ್ಕೆ ಮುಚ್ಚಿದ.

ಜಾಲದವನು ಯಂತ್ರ ಹೊತ್ತುಕೊಂಡು ಹಿಂದಿರುಗಿದ. ಎಲ್ಲ ಸರಿಯಾಗಿದೆ, ಇನ್ನು ವರ್ಷಗಟ್ಟಲೆ ಚಿಂತೆಯಿಲ್ಲ ಎಂದು ಎಲ್ವಿರಾಳಿಗೆ ಹೇಳಿದ. ಅವಳು ಅನ್ಸೆಲ್ಮೊನ ಬಳಿ ಬಗ್ಗಿ, "ನಿಮ್ಮ ಗಾಯೆಗೊ ಪಾಸಾದ. ಬನ್ನಿ, ಮೇಲೆ ಹತ್ತಿ," ಎಂದಳು. ಆ ಮಾತಿಗಾಗಿ ಅವನು ಹತ್ತು ದಿನದಿಂದ ನಿದ್ದೆ ಬಿಟ್ಟಿದ್ದ.

"ಬರ್ತೀನಿ. ಅವಳು ಮುಗಿಸ್ಲಿ," ಎಂದ.

ಅವಳು ಮುಗಿಸಿದಳು. ಪತ್ರಿಕೆ ಮಡಿಸಿದ ಸದ್ದಾಯಿತು. ಆಮೇಲೆ ಏನೂ ಇಲ್ಲ. ತಮ್ಮಲ್ಲೇ ಒಬ್ಬಳು ಓದಿದರೆ ಬಡಿಯಬೇಕೋ ಬೇಡವೋ ಎಂದು ಯಾರಿಗೂ ತಿಳಿಯದೆ ಕೋಣೆಯಿಡೀ ಕೈಕಟ್ಟಿ ಕೂತಿತ್ತು. ಆ ಮೌನದಲ್ಲಿ ಪೀಠದ ಮೇಲೆ ನಿಂತವರಿಗೆ ಏನಾಗುತ್ತದೆಂದು ಅಲ್ಲಿದ್ದವರ ಪೈಕಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಅನ್ಸೆಲ್ಮೊ ಹಲಗೆಯ ಅಂಚನ್ನು ಎಡಗೈಯಲ್ಲಿ ತಡಕಿ ಹಿಡಿದುಕೊಂಡು, ಚವೇತವನ್ನು ಮೇಲೆತ್ತಿ, ತನ್ನ ಜೀವಮಾನದಲ್ಲಿ ಮೊದಲ ಸಲ ಬಡಿದ.